ಕೈಗೆ ಸಿಗದ ನೋವು

ನಮ್ಮೂರಿನಲ್ಲಿ ಯಾರೂ ಯಾರ ಕೈಯನ್ನೂ ಸುಮ್ಮಸುಮ್ಮನೆ ಮುಟ್ಟುವುದಿಲ್ಲ. ಬಸ್ಸಿನ ಕಂಡಕ್ಟರು ಚಿಲ್ಲರೆಯನ್ನು ಮೇಲಿನಿಂದಲೇ ನಮ್ಮ ಅಂಗೈಗೆ ಉದುರಿಸುತ್ತಾನೆ. ಬಳೆಗಾರಳು ಕೈಗೆ ಬಟ್ಟೆ ಸುತ್ತಿಕೊಂಡು ಬಳೆ ತೊಡಿಸುತ್ತಾಳೆ. ಹೊರಗಿನಿಂದ ಬಂದ ಒಬ್ಬ ಅಧಿಕಾರಿ ನಮ್ಮ ಸ್ಕೂಲಿನ ಹೆಡ್‌ಮಾಸ್ಟರ ಕೈ ಕುಲುಕಲು ಹೋಗಿ, ಅವರ ಹಲ್ಲುನೋವನ್ನು ತನ್ನ ದವಡೆಗೆ ಬರಮಾಡಿಕೊಂಡು, ವೇದಿಕೆ ಮೇಲೇ ಅಯ್ಯಯ್ಯೋ ಎಂದು ಕುಕ್ಕರಿಸಿದ್ದನ್ನು ನಾನೇ ನೋಡಿದ್ದೇನೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೂ ಇದ್ದೇನೆ. ಕೈ ಹಿಡಿದಷ್ಟು ಹೊತ್ತು ಅವರ ನೋವು ಪೂರ್ತಿ ನಮ್ಮದು, ಬಿಟ್ಟ ಕ್ಷಣ ತಿರುಗಿ ಅವರದು. ಹುಟ್ಟಿದಾಗಿನಿಂದ ಇರುವುದೇ ಹೀಗೆ, ಇದರಲ್ಲಿ ಹೇಳುವಂಥದ್ದೇನೂ ಇಲ್ಲ.

ಕಾಯಿಲೆಯವರಿರುವ ಮನೆಯಲ್ಲಿ ಬಾಗಿಲ ಹಿಂದೆ ಒಂದು ಸ್ಲೇಟು ತೂಗುಹಾಕಿರುತ್ತಾರೆ. ಯಾರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಕೈ ಹಿಡಿಯಬೇಕು ಎಂಬ ಸರದಿ ಅದರಲ್ಲಿರುತ್ತದೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ ಎಂದು ಕೇಳುವುದಿಲ್ಲ, ಎಷ್ಟು ಹೊತ್ತು ಹಿಡೀತೀಯಮ್ಮ ಎಂದು ಕೇಳುತ್ತಾರೆ. ಹೆರಿಗೆ ಕೋಣೆಯಲ್ಲಿ ಹೆಂಡತಿಯ ಕೈ ಹಿಡಿದು ಕೂತು ಗಂಡನೇ ಕೂಗಾಡುತ್ತಾನೆ. ಹಾಗಾಗಿ ನಮ್ಮ ಗಂಡಸರು ಎರಡನೇ ಮಗುವಿಗೆ ಅಷ್ಟೇನೂ ಆತುರಪಡುವುದಿಲ್ಲ. ಇನ್ನು ಆಸ್ಪತ್ರೆಯ ಗೇಟಿನಲ್ಲಿ ರಂಗಸ್ವಾಮಿ ಎಂಬವನು ಸ್ಟೂಲು ಹಾಕಿಕೊಂಡು ಕೂತಿರುತ್ತಾನೆ. ಬಂದವರ ಕೈ ಹಿಡಿದು, ಹತ್ತರಲ್ಲಿ ಎಷ್ಟು ನೋವು ಎಂದು ಸಂಖ್ಯೆ ಹೇಳುತ್ತಾನೆ. ನಾಲ್ಕು ದಾಟಿದರೆ ಒಳಕ್ಕೆ, ಇಲ್ಲದಿದ್ದರೆ ಮನೆಗೆ. ಎಲ್ಲಿ ನೋವು, ಯಾವಾಗಿನಿಂದ ಎಂದು ರೋಗಿಯನ್ನು ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ಕೈ ಸುಳ್ಳು ಹೇಳುವುದಿಲ್ಲ, ಬಾಯಿ ಹೇಳಬಹುದು.

ನನ್ನ ಹೆಸರು ಚಂಪಕ. ಊರಾಚೆಯ ಇಲಿಮನೆಯಲ್ಲಿ ನನ್ನ ಕೆಲಸ. ಹನ್ನೆರಡು ವರ್ಷದ ಹಿಂದೆ ಡಾಕ್ಟರ್ ಇನಾಮದಾರ ಎಂಬವರು ಬಿಳಿ ಇಲಿಗಳ ಪಂಜರಗಳನ್ನೂ ಒಂದು ಬಿಸಿ ತಟ್ಟೆಯನ್ನೂ ತಂದು ಅದನ್ನು ಶುರುಮಾಡಿದರು. ಇಲಿಯನ್ನು ಆ ಬೆಚ್ಚನೆ ತಟ್ಟೆಯ ಮೇಲೆ ಬಿಟ್ಟು, ಅದು ಕಾಲು ನೆಕ್ಕಿಕೊಳ್ಳುವವರೆಗೆ ಎಷ್ಟು ಸೆಕೆಂಡಾಯಿತು ಎಂದು ಗಡಿಯಾರ ಹಿಡಿದು ನೋಡುತ್ತಿದ್ದರು. ನಾನು ಕಸ ಗುಡಿಸಲು ಸೇರಿದ್ದವಳು. ಒಂದು ದಿನ ನೋಡೀ ನೋಡೀ ಬೇಜಾರಾಗಿ, ಇಲಿಯ ಮುಂಗಾಲನ್ನು ಬೆರಳಲ್ಲಿ ಹಿಡಿದು, "ಸಾರ್, ಇದಕ್ಕೆ ಆರು. ಆ ಮೂಲೇಲಿರೋದಕ್ಕೆ ಮೂರು ಇರ್ಬೋದು, ಗಡಿಯಾರ ಯಾಕೆ?" ಅಂದೆ. ಅವರು ನನ್ನ ಮುಖ ನೋಡಿದರು, ಇಲಿಯನ್ನು ನೋಡಿದರು. ಮಾರನೇ ದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ಡಾಕ್ಟರರದು ನಮ್ಮ ಕಡೆಯ ಮಾತಲ್ಲ. ನನ್ನನ್ನು ಚಂಪಕಬಾಯಿ ಎನ್ನುತ್ತಿದ್ದರು. ಮೊದಮೊದಲು ನನಗದು ಯಾರನ್ನೋ ಕರೆದಂತೆ ಕೇಳಿಸುತ್ತಿತ್ತು. ಅವರು ಮಾಡುತ್ತಿದ್ದ ಔಷಧಿಯ ಬಗ್ಗೆ ಒಮ್ಮೆ ಬಿಡಿಸಿ ಹೇಳಿದರು. "ನರದಾಗ ಮಾರ್ಫಿನ್ ಹೋಗಲಿಕ್ಕೆ ಬಾಗಲಾ ಇರ್ತಾವ, ಚಂಪಕಬಾಯಿ. ದಿನಾ ಬಡದ್ರ ಅವು ಮುಚ್ಚಿಕೋತಾವ. ಆಮ್ಯಾಲೆ ಎಷ್ಟು ಕೊಟ್ರೂ ಹತ್ತೂದಿಲ್ಲ. ಹೆಚ್ಚ ಕೊಟ್ಟಿವಂದ್ರ ಉಸರ ನಿಲ್ತದ. ನಾವು ಏನ್ ಮಾಡ್ತೇವಂದ್ರ, ಹೊಸಾ ಬಾಗಲಾ ಕಟ್ಟೂ ಜೀನ್ ಒಳಗ ಕಳಸ್ತೇವಿ." ಕಳಿಸುವುದು ಹೇಗೆಂದರೆ ವೈರಸ್ಸಿನ ಮೂಲಕವಂತೆ. ರೋಗ ತರುವ ಶಕ್ತಿ ಕಿತ್ತುಹಾಕಿ, ಬರೀ ಸಾಮಾನು ಸಾಗಿಸುವುದಕ್ಕೆ ಉಳಿಸಿಕೊಂಡ ವೈರಸ್ಸು. ಇಲಿಯ ಬೆನ್ನುಹುರಿಯ ಹತ್ತಿರ ಒಂದೇ ಒಂದು ಸೂಜಿ ಚುಚ್ಚಿದರೆ ಮುಗಿಯಿತು, ಮೂರು ವಾರ ಕಾಯಬೇಕು ಅಷ್ಟೆ.

ಮೂರು ವಾರ ಕಾದೆವು. ನಾನು ಸೂಜಿ ಚುಚ್ಚಿಸಿಕೊಂಡ ಹಸಿರು ಗುರುತಿನ ಇಲಿಗಳಿಗೆ ಮಾರ್ಫಿನ್ನನ್ನು ಮಾಮೂಲಿಯ ಹತ್ತನೇ ಒಂದು ಪಾಲು ಮಾತ್ರ ಕೊಟ್ಟು, ಒಂದೊಂದಾಗಿ ತಟ್ಟೆಯ ಮೇಲೆ ಬಿಟ್ಟು ಮುಂಗಾಲು ಹಿಡಿದೆ. ಏನೂ ಬರಲಿಲ್ಲ. ನನ್ನ ಕೈಯೇ ಸತ್ತುಹೋಯಿತೇನೋ ಎಂದು ತೊಡೆ ಚಿವುಟಿಕೊಂಡೆ. ಗುರುತಿಲ್ಲದ ಇಲಿಯನ್ನು ಹಿಡಿದೆ, ಸುರ್ರೆಂದು ಏಳು ಬಂತು. ಮತ್ತೆ ಹಸಿರಿನದನ್ನು ಹಿಡಿದೆ, ಸೊನ್ನೆ. ಹದಿನೆಂಟಕ್ಕೆ ಹದಿನೆಂಟೂ ಸೊನ್ನೆ. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇಲಿಗಳಿಗಾಗಿ ಅಲ್ಲ, ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಮನೆಯಲ್ಲಿ ನನ್ನ ಅಕ್ಕ ಇದ್ದಳು.

ವನಜಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮೂವತ್ತು ವರ್ಷ ಟಾಕೀಸಿನಲ್ಲಿ ಟಿಕೆಟು ಹರಿದವಳು, ಊರಿನ ಪುಂಡರೆಲ್ಲ ಅವಳ ಬಾಯಿಗೆ ಹೆದರುತ್ತಿದ್ದರು. ಅವಳು ಮದುವೆಯಾಗಲಿಲ್ಲ, ನಾನು ಆಗಿ ಬಿಟ್ಟುಬಂದೆ. ಇಬ್ಬರೇ ಇದ್ದೆವು, ದಿನಾ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು. ಹೋದ ವರ್ಷ ಅವಳ ಗರ್ಭಕೋಶದಲ್ಲಿ ಶುರುವಾದ ಕ್ಯಾನ್ಸರು ಸೊಂಟದ ಮೂಳೆಗೆ ಇಳಿಯಿತು. ನಮ್ಮ ಸ್ಲೇಟಿನಲ್ಲಿ ಎರಡೇ ಹೆಸರು. ಬೆಳಗ್ಗೆ ಮತ್ತು ಕೆಲಸದಿಂದ ಬಂದ ಮೇಲೆ ನಾನು, ಮಧ್ಯಾಹ್ನ ಎರಡು ಗಂಟೆ ಪಕ್ಕದ ಮನೆಯ ಹೊನ್ನಮ್ಮ. ಅದಕ್ಕೆ ಮುಯ್ಯಾಗಿ ನಾನು ಸಂಜೆ ಅರ್ಧ ಗಂಟೆ ಅವಳ ಗಂಡ ತಿಮ್ಮರಾಯಪ್ಪನ ಕೈ ಹಿಡಿಯುತ್ತಿದ್ದೆ. ಅಕ್ಕಿ ಗಿರಣಿಯ ಬಾಯ್ಲರು ಸಿಡಿದು ಕಾಲು ಬೆಂದವನು, ಹನ್ನೊಂದು ವರ್ಷವಾದರೂ ನರದ ಉರಿ ಹೋಗಿರಲಿಲ್ಲ. ಹನ್ನೊಂದು ವರ್ಷ ಆ ಉರಿಯನ್ನು ಹಿಡಿದು ಹಿಡಿದು ಹೊನ್ನಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು.

ವನಜಕ್ಕನ ಕೈ ಹಿಡಿದರೆ ನನ್ನ ಸೊಂಟದೊಳಗೆ ಯಾರೋ ಒನಕೆ ಇಟ್ಟು ತಿರುವಿದ ಹಾಗಾಗುತ್ತಿತ್ತು. ಅವಳು ಕಣ್ಣು ಮುಚ್ಚಿ, "ಅಬ್ಬಾ" ಎಂದು ಉಸಿರು ಬಿಡುತ್ತಿದ್ದಳು. ಒಂದು ಗಂಟೆ ನಿದ್ದೆ ಮಾಡುತ್ತಿದ್ದಳು. ನಾನು ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದೆ. ಕೊನೆಗೆ ನನ್ನಿಂದಾಗದೆ ಮೆಲ್ಲಗೆ ಕೈ ಬಿಡಿಸಿಕೊಂಡರೆ, ನಿದ್ದೆಯಲ್ಲೇ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. ಆ ಮುಖ ನೋಡಲಾಗದೆ ನಾನು ಅಡುಗೆಮನೆಗೆ ಓಡುತ್ತಿದ್ದೆ. ಮಾರ್ಫಿನ್ ಎಷ್ಟು ಕೊಡಬಹುದೋ ಅಷ್ಟನ್ನೂ ಕೊಟ್ಟಾಗಿತ್ತು. "ಚಂಪೀ, ಆ ಇಲಿಗಳ ಭಾಗ್ಯ ನನಗ್ಯಾವಾಗ ಬರುತ್ತೆ?" ಎಂದು ಒಂದು ದಿನ ಕೇಳಿದಳು. ತಮಾಷೆಗೆ ಕೇಳಿದ್ದಲ್ಲ.

ಡಾಕ್ಟರು ಮೇಲಿನವರಿಗೆ ಬರೆದಿದ್ದರು. ಮನುಷ್ಯರಲ್ಲಿ ಮೊದಲು ವನಜಕ್ಕ, ಆಮೇಲೆ ತಿಮ್ಮರಾಯಪ್ಪ. ಒಪ್ಪಿಗೆಯ ಕಾಗದ ಇನ್ನೇನು ಬರಬೇಕು. ಆ ವಾರದಲ್ಲೇ ಒಂದು ಬೆಳಗ್ಗೆ, ದಿನಾ ಚೂರು ಮಾರ್ಫಿನ್ ಪಡೆಯುತ್ತಿದ್ದ ಹದಿನೇಳನೇ ನಂಬರಿನ ಹಸಿರು ಇಲಿಯ ಹಿಂಗಾಲು ಪಂಜರದ ಮುಚ್ಚಳಕ್ಕೆ ಸಿಕ್ಕಿಕೊಂಡದ್ದು ಕಂಡೆ. ಮುಚ್ಚಳ ಹಾಕಿದವಳು ನಾನೇ. ಕಾಲು ಮೂಳೆಯವರೆಗೆ ಕಿತ್ತುಹೋಗಿತ್ತು. ಅದಕ್ಕೆ ಗೊತ್ತೇ ಇರಲಿಲ್ಲ, ಎದುರಿಗಿದ್ದ ಕಾಳನ್ನು ಎಳೆದುಕೊಂಡು ತಿನ್ನುತ್ತಿತ್ತು! ಮುಂಗಾಲು ಹಿಡಿದೆ. ಸೊನ್ನೆ. ಕಾಲು ಕಿತ್ತ ಇಲಿಗೆ ಸೊನ್ನೆ. ಎರಡೇ ದಿನದಲ್ಲಿ ಕೀವಾಗಿ ಅದು ಸತ್ತಿತು. ಸಾಯುವಾಗಲೂ ಹಿಡಿದು ನೋಡಿದೆ, ಆಗಲೂ ಸೊನ್ನೆ.

ಡಾಕ್ಟರು ದಿನಾ ಕೇಳುವ ಹಾಗೆ ಅಂದೂ ಕೇಳಿದರು, "ಏನರೆ ಹೆಚ್ಚುಕಡಿಮಿ ಕಂಡದ್ದೈತೇನ್ರಿ?" ಹಿಂದೆ ಇನ್ನೊಂದು ಔಷಧಿಯಿತ್ತು. ಅದರಲ್ಲಿ ಮೂರು ಇಲಿ ಸತ್ತವೆಂದು ಮೇಲಿನವರು ಒಂದೇ ವಾರದಲ್ಲಿ ಆ ಕೆಲಸವನ್ನೇ ನಿಲ್ಲಿಸಿಬಿಟ್ಟಿದ್ದರು. ಅದು ನನ್ನ ಕಣ್ಣ ಮುಂದೆ ಬಂತು. ವನಜಕ್ಕನ ಮುಖವೂ ಬಂತು. "ಹದಿನೇಳು ಸತ್ತೋಯ್ತು ಸಾರ್. ಪಕ್ಕದ್ದು ಕಚ್ಚಿತ್ತು," ಅಂದೆ. ಇಲಿಗಳು ಕಚ್ಚಾಡುವುದು ಮಾಮೂಲು. ನನ್ನ ಮಾತೆಂದರೆ ಅವರಿಗೆ ಕಲ್ಲಿನ ಮೇಲೆ ಬರೆದಂತೆ. ಹ್ಞೂಂ ಎಂದು ಪುಸ್ತಕದಲ್ಲಿ ಬರೆದುಕೊಂಡು ಮುಂದಕ್ಕೆ ಹೋದರು.

ವನಜಕ್ಕನಿಗೆ ಸೂಜಿ ಚುಚ್ಚಿ ಮೂರು ವಾರವಾದ ಮೇಲೆ, ನಾಲಿಗೆಯ ಕೆಳಗೆ ಒಂದು ತೊಟ್ಟು ಮಾರ್ಫಿನ್ ಬಿಟ್ಟರು. ನಾನು ಕೈ ಹಿಡಿದು ಕೂತಿದ್ದೆ. ಒನಕೆ ನಿಧಾನವಾಯಿತು, ನಿಂತಿತು, ಆಮೇಲೆ ಅಲ್ಲಿ ಒನಕೆಯೇ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದೆವು. ನೋವಿಲ್ಲದೆ ಅವಳ ಕೈಯನ್ನು ನಾನು ಯಾವತ್ತೂ ಹಿಡಿದಿರಲಿಲ್ಲ. ಬೆಚ್ಚಗಿತ್ತು, ಟಿಕೆಟು ಹರಿದು ಹರಿದು ಹೆಬ್ಬೆರಳು ಒರಟಾಗಿತ್ತು. ಏನು ಮಾಡಬೇಕೆಂದು ತೋಚದೆ ನಾಚಿಕೆಯಾಯಿತು. ಅವಳು ನನ್ನ ಅಂಗೈಗೆ ಕಚಗುಳಿ ಇಟ್ಟಳು. "ಬಿಡೇ ಮುದುಕಿ," ಅಂದೆ, ಬಿಡಲಿಲ್ಲ.

ದಿನಕ್ಕೊಂದು ತೊಟ್ಟಿನಲ್ಲಿ ನಲವತ್ತೊಂದು ದಿನ ಹಾಗಿದ್ದಳು. ಕ್ಯಾನ್ಸರು ಹೋಗಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಆದರೆ ಮನೆಯಲ್ಲಿ ಒಗ್ಗರಣೆಯ ಸದ್ದು ಬಂತು. ಸ್ಲೇಟು ಒರೆಸಿ ಅದರ ಮೇಲೆ ರಂಗೋಲಿ ಬರೆದಳು. ಬಸ್ಸು ಹತ್ತಿ, ಸೀಟು ಕೊಟ್ಟರೂ ಕೂರದೆ, ಕಂಬಿ ಹಿಡಿದು ನಿಂತು ಪಕ್ಕದೂರಿಗೆ ಹೋಗಿಬಂದಳು. ಟಾಕೀಸಿಗೆ ಹೋಗಿ, ಟಿಕೆಟು ಹರಿಯುವ ಹೊಸಬನಿಗೆ ಹರಿಯುವುದು ಹೇಗೆಂದು ಬೈದು ಹೇಳಿಕೊಟ್ಟಳು. ಹೊನ್ನಮ್ಮ ದಿನಾ ಬಾಗಿಲಲ್ಲಿ ನಿಂತು ಅವಳನ್ನು ದಿಟ್ಟಿಸುತ್ತಿದ್ದಳು. ತಿಮ್ಮರಾಯಪ್ಪನಿಗೆ ಮುಂದಿನ ತಿಂಗಳು ಸೂಜಿ ಎಂದು ಗೊತ್ತಾಗಿತ್ತು. "ನಾನೂ ಒಂದಿನ ಪೂರ್ತಿ ಮಲಗ್ಬೇಕು ಕಣೆ ಚಂಪಕ, ಬೇರೇನೂ ಬೇಡ," ಎನ್ನುತ್ತಿದ್ದಳು.

ನಲವತ್ತೆರಡನೆಯ ದಿನ ಸೋಮವಾರ. ಬೆಳಗ್ಗೆ ವನಜಕ್ಕ ಉಪ್ಪಿಟ್ಟು ಮುಟ್ಟಲಿಲ್ಲ. "ಯಾಕೋ ಹೊಟ್ಟೆ ಬಿಗಿದ್ಕೊಂಡಿದೆ ಕಣೆ. ಸರಿ ಇಲ್ಲ ಏನೋ," ಅಂದಳು. ಕೈ ಹಿಡಿದೆ. ಏನೂ ಇಲ್ಲ. "ನಿನ್ನೆ ಹತ್ತು ಕೋಡುಬಳೆ ತಿಂದ್ಯಲ್ಲ, ಬಿಗೀದೆ ಇನ್ನೇನಾಗುತ್ತೆ?" ಎಂದು ಕೆಲಸಕ್ಕೆ ಹೊರಟೆ. ಸಂಜೆ ಬಂದಾಗ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಹೊನ್ನಮ್ಮ ಬಂದು ಕೈ ಹಿಡಿದಳು, ಎದುರುಮನೆಯವರು ಹಿಡಿದರು, ಬೀದಿಯ ಕೊನೆಯ ಸೂಲಗಿತ್ತಿ ಬಂದು ಹಿಡಿದಳು. ಎಲ್ಲರೂ ತಲೆಯಾಡಿಸಿದರು. ಏನೂ ಇಲ್ಲ, ಮಗುವಿನ ಕೈ ಇದ್ದ ಹಾಗಿದೆ ಎಂದರು. ಅವಳ ಹಣೆ ಮುಟ್ಟಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಟ್ಟೆ ನೋಡಬೇಕೆಂದೂ ಹೊಳೆಯಲಿಲ್ಲ. ನಾವು ಕೈಯಲ್ಲಿ ಕಾಯಿಲೆ ನೋಡುವ ಜನ.

ಮಂಗಳವಾರ ಅವಳೇ ಹಟ ಹಿಡಿದಳು. "ಆಸ್ಪತ್ರೆಗೆ ಕರ್ಕೊಂಡೋಗು." ಅರ್ಧ ದಿನ ರಜ ಹಾಕಿ, ಆಟೋ ಹಿಡಿದು ಕರೆದುಕೊಂಡು ಹೋದೆ. ಗೇಟಿನಲ್ಲಿ ರಂಗಸ್ವಾಮಿ ಅವಳ ಕೈ ಹಿಡಿದು, ಬಿಟ್ಟು, ಮತ್ತೆ ಹಿಡಿದು ನಕ್ಕ. "ಸೊನ್ನೆ ಕಣಕ್ಕ. ಇಷ್ಟು ಖಾಲಿ ಕೈ ನನ್ನ ಸರ್ವೀಸಲ್ಲೇ ನೋಡಿಲ್ಲ. ಮನೆಗೋಗಿ ಗಂಜಿ ಕುಡೀರಿ." ಆಗ, ಆ ಗೇಟಿನಲ್ಲಿ ನಿಂತಾಗ, ನನಗೆ ಹದಿನೇಳನೇ ಇಲಿಯ ಕಾಲು ನೆನಪಾಯಿತು. ನೆನಪಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಈ ಕೈ ನಂಬಬೇಡಪ್ಪ ರಂಗಸ್ವಾಮಿ, ಔಷಧಿ ಹಾಕಿದೆ, ಒಳಗೆ ಬಿಡು ಎನ್ನಬಹುದಿತ್ತು. ಹಾಗಂದುಬಿಟ್ಟರೆ ಡಾಕ್ಟರ್ ಇನಾಮದಾರರ ಕಿವಿಗೆ ಹೋಗುತ್ತದೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ, ಇಲಿಯ ವಿಷಯ ಹೊರಬೀಳುತ್ತದೆ, ದಿನಾ ಹಾಕುವ ತೊಟ್ಟು ನಿಲ್ಲುತ್ತದೆ, ಮತ್ತೆ ಒನಕೆ. ನಾಳೆ ನೋಡೋಣ ಎಂದುಕೊಂಡೆ. ಆಟೋದಲ್ಲಿ ಅವಳು ನನ್ನ ತೋಳು ಹಿಡಿದು, "ಚಂಪೀ, ನೋವಿಲ್ಲ ಕಣೆ, ಒಂಚೂರೂ ಇಲ್ಲ. ಆದ್ರೆ ನಾನು ಸಾಯ್ತಿದೀನಿ ಅನ್ಸುತ್ತೆ," ಅಂದಳು. ನನಗೆ ಸಿಟ್ಟು ಬಂತು. ಅದು ಸಿಟ್ಟಲ್ಲ, ಹೆದರಿಕೆ. ನನಗೆ ಹೆದರಿಕೆ ಬರುವುದೇ ಸಿಟ್ಟಾಗಿ. "ಬಾಯ್ ಮುಚ್ಕೊಂಡು ಕೂತ್ಕೋ. ಸಾಯೋರ ಕೈ ಹಿಂಗಿರಲ್ಲ," ಎಂದೆ. ಅವಳು ಬಾಯಿ ಮುಚ್ಚಿಕೊಂಡಳು. ಊರಿನ ಪುಂಡರಿಗೇ ಹೆದರದವಳು ನನ್ನ ಮಾತಿಗೆ ಸುಮ್ಮನಾದಳು.

ಬುಧವಾರ ಮಧ್ಯಾಹ್ನ ಎರಡೂವರೆಗೆ ಹೋದಳು. ಗೋಡೆಗೆ ಒರಗಿಕೊಂಡು ಕೂತಿದ್ದವಳು ಹಾಗೇ ಜಾರಿದಳು. ನಾನು ಕೈ ಹಿಡಿದೇ ಇದ್ದೆ, ಕೊನೆಯವರೆಗೆ ಅದರಲ್ಲಿ ಏನೂ ಬರಲಿಲ್ಲ. ಡಾಕ್ಟರ್ ಇನಾಮದಾರರು ಬಂದು ಸೀರೆ ಸರಿಸಿ ಹೊಟ್ಟೆ ಮುಟ್ಟಿದವರು ಕೈ ಹಿಂದಕ್ಕೆ ತೆಗೆದುಕೊಂಡರು. ಹಲಗೆಯಂತೆ ಬಿಗಿದಿತ್ತು. ಆಮೇಲೆ ಕೊಯ್ದು ನೋಡಿ ಹೇಳಿದರು, ಕರುಳು ತೂತಾಗಿ ಮೂರು ದಿನವಾಗಿದೆ, ಒಳಗೆಲ್ಲ ಕೀವು, ಇಂಥ ನೋವಿಗೆ ಓಣಿಯೆಲ್ಲ ಕೇಳುವ ಹಾಗೆ ಚೀರಬೇಕಿತ್ತು.

ಹೆಣದ ಕಾಲು ಮುಟ್ಟಲು ಬಂದವರೆಲ್ಲ ಅಂದದ್ದು ಒಂದೇ ಮಾತು. ಪುಣ್ಯವಂತೆ, ಒಂಚೂರೂ ನೋವು ತಿನ್ನದೆ ಹೋದಳು. ಬೇರೆ ಯಾರ ಸಾವಿಗಾದರೂ ಅದನ್ನೇ ಹೇಳಿದ್ದರೆ ನಾನೂ ನಂಬುತ್ತಿದ್ದೆನೇನೋ. ಮೂರನೇ ದಿನ ಹಾಲುತುಪ್ಪ ಮುಗಿಸಿ ಬಂದು, ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೊನ್ನಮ್ಮನಿಗೆ ಇಲಿಯ ವಿಷಯವನ್ನೆಲ್ಲ ಹೇಳಿದೆ. ನನ್ನನ್ನು ಹಿಡಿದು ಬಾರಿಸಲಿ, ಮುಖಕ್ಕೆ ಉಗಿಯಲಿ ಎಂದೇ ಹೇಳಿದ್ದು. ಅವಳು ಕೈಯಲ್ಲಿದ್ದ ತಪ್ಪಲೆಯನ್ನು ಕೆಳಗಿಟ್ಟು ಕೇಳಿದಳು, "ಡಾಕ್ಟರಿಗೆ ಹೇಳಿದ್ಯಾ?"

"ಇಲ್ಲ. ಈಗ ಹೋಗಿ ಹೇಳ್ತೀನಿ."

"ಹೇಳ್ಬೇಡ." ಅವಳು ಬೂದಿ ಮೆತ್ತಿದ ಕೈಯಲ್ಲೇ ನನ್ನ ಸೆರಗು ಹಿಡಿದುಕೊಂಡಳು. "ಹೋದೋಳು ಬರಲ್ಲ ಚಂಪಕ. ಬರೋ ತಿಂಗಳು ನಮ್ಮನೆಯೋರ್ದು ಇದೆ. ನಿನ್ನ ದಮ್ಮಯ್ಯ ಅಂತೀನಿ. ಹನ್ನೊಂದು ವರ್ಷ ಕಣೇ! ನಲವತ್ತು ದಿನ ಸಿಕ್ಕಿ ಆಮೇಲೆ ಸತ್ರೂ ಸಾಯ್ಲಿ, ಅವರೂ ಹಂಗೇ ಅಂತಾರೆ, ಬೇಕಾದ್ರೆ ಒಳಗೆ ಹೋಗಿ ಕೇಳು. ನೀನು ನಿನ್ನಕ್ಕಂಗೆ ಕೊಡಿಸ್ಕೊಂಡು ನಮಗೆ ತಪ್ಪಿಸ್ತೀಯಾ?"

ಅವಳು ಕೇಳುತ್ತಿದ್ದುದು ನಾನು ಮಾಡಿದ್ದನ್ನೇ. ಸೆರಗು ಬಿಡಿಸಿಕೊಂಡು ಹೊರಟೆ. ಹಿಂದಿನಿಂದ ಅವಳು ನನ್ನನ್ನು ಹೆಸರು ಹಿಡಿದು ಶಪಿಸಿದ್ದು ಬೀದಿಗೆಲ್ಲ ಕೇಳಿಸಿತು. ಇಲಿಮನೆಯವರೆಗಿನ ಎರಡು ಮೈಲಿಯಲ್ಲಿ ಮೂರು ಕಡೆ ನಿಂತು, ತಿರುಗಿ ಹೋಗಿಬಿಡಲೇ ಎಂದು ಯೋಚಿಸಿದೆ. ಒಂದು ಮಾತು ಆಡಿದರೆ ತಿಮ್ಮರಾಯಪ್ಪನ ಉರಿ ಸಾಯುವವರೆಗೆ ಉಳಿಯುತ್ತದೆ. ಆಡದಿದ್ದರೆ ಅವನೂ ಗೋಡೆಗೆ ಒರಗಿಕೊಂಡು ಜಾರುತ್ತಾನೆ.

ಡಾಕ್ಟರು ಪಂಜರಗಳ ನಡುವೆ ಮೇಜಿನ ಮುಂದೆ ಕೂತಿದ್ದರು. ಗಡ್ಡ ತೆಗೆದಿರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ಮುಚ್ಚಳ ಹಾಕಿದವಳು ನಾನೇ ಎಂಬುದನ್ನೂ ಬಿಡದೆ ಹೇಳಿದೆ. ಅವರು ಪುಸ್ತಕ ತೆಗೆದು ಹದಿನೇಳನೇ ನಂಬರಿನ ಸಾಲು ಹುಡುಕಿ, ಅದರ ಮೇಲೆ ಬೆರಳಿಟ್ಟರು.

"ಯಾಕ ಮುಚ್ಚಿಟ್ರಿ?"

"ಔಷಧಿ ನಿಲ್ಲಿಸಿಬಿಡ್ತೀರಾ ಅಂತ."

"ನಾ ಯಾಕ ನಿಲ್ಲಸ್ತಿದ್ದೆ?" ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಹಿಂದಿನ ಔಷಧದಾಗ ಔಷಧನ ಇಲಿ ಕೊಂದಿತ್ತು. ಇದು ತನ್ನ ಕೆಲಸ ಮಾಡೇದ, ನೋವು ತಗದದ. ಕಾಲು ಮುರದದ್ದು ಮುಚ್ಚಳ, ಔಷಧ ಅಲ್ಲ. ನೀವು ಅವತ್ತ ಹೇಳಿದ್ರ ನಾ ಆಕಿ ಔಷಧದ ಚೀಟಿ ಮ್ಯಾಲೆ ಮೂರು ಸಾಲು ಬರೀತಿದ್ದೆ. ಈ ರೋಗಿ ಕೈ ನಂಬಬ್ಯಾಡ್ರಿ. ದಿನಾ ಜ್ವರ ನೋಡ್ರಿ, ಹೊಟ್ಟಿ ಒತ್ತಿ ನೋಡ್ರಿ. ಏನಾಗೇದ ಅಂತ ಬಾಯಿಲೆ ಕೇಳ್ರಿ. ಅಷ್ಟ, ಮತ್ತೇನಿಲ್ಲ. ತಿಮ್ಮರಾಯಪ್ಪಗೂ ಕೊಡ್ತೇನಿ, ಹಂಗ ಬರದ ಕೊಡ್ತೇನಿ."

"ಸೋಮವಾರವೇ ಕರ್ಕೊಂಡು ಬಂದಿದ್ರೆ ಉಳೀತಿದ್ಲಾ ಸಾರ್?"

"ಹೊಲಿಗಿ ಹಾಕತಿದ್ವಿ. ಒಂದ ವರ್ಷ ಸಿಗತಿತ್ತು, ಹೆಚ್ಚೂ ಸಿಗತಿತ್ತೇನೋ." ಅವರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನಗ ತಿಳೀಲಾರದ್ದು ಒಂದೈತ್ರಿ. ನೋವು ಇಲ್ಲಂದ್ರೂ ಮೈಯಾಗ ಏನರೆ ಬದಲಾದದ್ದು ಮನಷ್ಯಾಗ ಗೊತ್ತ ಆಗೇ ಆಗ್ತದ. ಮೂರು ದಿನದಾಗ ಆಕಿ ಒಂದ ಮಾತೂ ಅನ್ಲಿಲ್ಲೇನು?"

"ಅಂದ್ಲು ಸಾರ್," ಎಂದೆ. "ಸಾಯ್ತಿದೀನಿ ಅಂತ ಬಾಯಿಬಿಟ್ಟೇ ಅಂದ್ಲು. ಬಾಯ್ ಮುಚ್ಕೊಂಡು ಕೂತ್ಕೋ ಅಂದೆ ನಾನು."